ಗ್ರೂಪಿನಲ್ಲಿ ಹೂತುಹೋಗುವ ಫೋನ್ ವಿದ್ಯೆಗೆ ಒಂದು ವಿಕಿ: ನಮಗೆ ಯಾವುದು ಸರಿ?

ಕಳೆದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಮಗ ಒಂದು ಫೋನ್ ತಂದು ಮೇಜಿನ ಮೇಲಿಟ್ಟ. ಆನ್ ಆಗುತ್ತಿಲ್ಲ. ಚಾರ್ಜಿಗೆ ಹಾಕಿದರೂ ಕಪ್ಪು. ಕಂಪ್ಯೂಟರಿಗೆ ಚುಚ್ಚಿದರೆ 9008 ಅನ್ನೋ ತುರ್ತು ಪೋರ್ಟ್ ಒಂದು ಕಾಣಿಸುತ್ತದೆ, ಅಷ್ಟೇ. ಏನು ಮಾಡಿದೆ ಅಂತ ಕೇಳಿದೆ. "ಅಣ್ಣಾ, ಗ್ರೂಪಲ್ಲಿ ಪಿನ್ ಮಾಡಿದ್ಯಲ್ಲ, ಅದೇ ಥರ ಹಳೇ ಫರ್ಮ್‌ವೇರ್ ಹಾಕಿದೆ" ಅಂದ. ಫರ್ಮ್‌ವೇರ್ ಅಂದರೆ ಕಂಪನಿ ಫೋನಿನೊಳಗೆ ಹಾಕಿ ಕೊಡುವ ಮೂಲ ಸಾಫ್ಟ್‌ವೇರ್. ಆ ಮೆಸೇಜ್ ಬರೆದವನು ನಾನೇ. ಬರೆದಾಗ ಅದು ಸರಿಯಾಗೇ ಇತ್ತು. ಆಮೇಲೆ ಬಂದ ಒಂದು ಅಪ್‌ಡೇಟ್ ಹಿಂದಕ್ಕೆ ಹೋಗುವ ದಾರಿಯನ್ನೇ ಮುಚ್ಚಿತ್ತು. ಅದನ್ನು ಗ್ರೂಪಿನಲ್ಲಿ ಒಬ್ಬ ಹೇಳಿಯೂ ಇದ್ದ, ರಾತ್ರಿ ಹನ್ನೆರಡು ಗಂಟೆಗೆ, ಒಂದೇ ಸಾಲಿನಲ್ಲಿ. ಅದರ ಮೇಲೆ ಸಾವಿರಾರು ಮೆಸೇಜ್ ಬಂದು ಬಿದ್ದವು. ತಪ್ಪು ಪಿನ್ ಆಗಿ ಮೇಲೇ ಉಳಿಯಿತು, ಸರಿಯಾದದ್ದು ತಳಕ್ಕೆ ಹೋಯಿತು.

ನಾವು ದಾವಣಗೆರೆಯಲ್ಲಿ ಹತ್ತು ಹನ್ನೆರಡು ಜನ ಫೋನಿನ ಸಾಫ್ಟ್‌ವೇರ್ ಬದಲಾಯಿಸುವ, ಮಾಡಿಂಗ್ ಅನ್ನುವ ಈ ಹುಚ್ಚಿನವರಿದ್ದೇವೆ. ಬಿಐಇಟಿ, ಯುಬಿಡಿಟಿ ಕಾಲೇಜಿನ ಕೆಲವು ಹುಡುಗರು, ಅಶೋಕ ರಸ್ತೆ ಕಡೆ ಮೊಬೈಲ್ ರಿಪೇರಿ ಮಾಡುವ ಇಬ್ಬರು, ಹರಿಹರದಿಂದ ಒಬ್ಬ, ಚಿತ್ರದುರ್ಗದಿಂದ ಒಬ್ಬ. ನಮಗೆಲ್ಲ ಸೇರಿ ಗೊತ್ತಿರುವುದು ಸಣ್ಣದೇನಲ್ಲ. ಆದರೆ ಅದು ಟೆಲಿಗ್ರಾಂನಲ್ಲಿ ಒಂದಿಷ್ಟು, ವಾಟ್ಸಾಪ್‌ನಲ್ಲಿ ಒಂದಿಷ್ಟು, ಯಾರದೋ ಗ್ಯಾಲರಿಯ ಸ್ಕ್ರೀನ್‌ಶಾಟ್‌ನಲ್ಲಿ ಒಂದಿಷ್ಟು, ಉಳಿದದ್ದು ರಿಪೇರಿ ಅಣ್ಣನ ತಲೆಯಲ್ಲಿ. ಇದನ್ನೆಲ್ಲ ಒಂದು ಕಡೆ ತರಬೇಕು, ವಿಕಿ (ಎಲ್ಲರೂ ಸೇರಿ ಬರೆದು ತಿದ್ದುವ ಸೈಟ್) ಮಾಡೋಣ ಅಂತ ತೀರ್ಮಾನಿಸಿ, ಅದಕ್ಕೆ ಸಿಗುವ ಸಾಫ್ಟ್‌ವೇರ್‌ಗಳನ್ನು ನಾಲ್ಕು ತಿಂಗಳು ಒಂದೊಂದಾಗಿ ಹಾಕಿ ನೋಡಿದೆವು. ನಿಮ್ಮ ಊರಲ್ಲೂ ಇಂಥ ಗುಂಪು ಇದ್ದರೆ ಈ ಹೋಲಿಕೆ ಉಪಯೋಗಕ್ಕೆ ಬರಬಹುದು.

ಮೊದಲು ಏನನ್ನು ನೋಡಬೇಕು

ಎಷ್ಟು ಚೆಂದ ಕಾಣುತ್ತದೆ, ಎಷ್ಟು ಫೀಚರ್ ಇದೆ ಅನ್ನುವುದನ್ನು ಆಮೇಲೆ ನೋಡಿ. ಫೋನ್ ಮಾಡಿಂಗ್‌ನಲ್ಲಿ ಒಂದು ತಪ್ಪು ಸಾಲು ಅಂದರೆ ಒಂದು ಸತ್ತ ಫೋನ್. ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ ಇದು: ತಪ್ಪನ್ನು ಕಂಡವನು ಅಲ್ಲೇ, ಆಗಲೇ, ಕೈಯಲ್ಲಿರುವ ಫೋನಿನಿಂದಲೇ ತಿದ್ದಬಹುದಾ? ಲ್ಯಾಪ್‌ಟಾಪ್ ತೆಗೆದು, ಲಾಗಿನ್ ಹುಡುಕಿ, ಇನ್ನೊಬ್ಬರ ಒಪ್ಪಿಗೆಗೆ ಕಾಯಬೇಕು ಅಂದರೆ ನಮ್ಮ ರಿಪೇರಿ ಅಣ್ಣ ಯಾವತ್ತೂ ತಿದ್ದುವುದಿಲ್ಲ. ಅವನ ಕೈಯಲ್ಲಿ ದಿನಕ್ಕೆ ಹದಿನೈದು ಫೋನ್ ಓಡಾಡುತ್ತವೆ, ಅವನು ಬರೆಯದ ವಿಕಿಯಲ್ಲಿ ಏನಿರುತ್ತದೆ ಹೇಳಿ?

ಇನ್ನೂ ಎರಡು ಪ್ರಶ್ನೆ. ಯಾರು ಯಾವಾಗ ಏನು ಬದಲಾಯಿಸಿದರು ಅಂತ ಕಾಣುತ್ತಾ, ಬೇಕಾದರೆ ಹಿಂದಿನದಕ್ಕೆ ಮರಳಬಹುದಾ? ನಾಳೆ ಆ ಜಾಗ ಮುಚ್ಚಿದರೆ ಎಲ್ಲವನ್ನೂ ಗಂಟು ಕಟ್ಟಿಕೊಂಡು ಹೊರಡಬಹುದಾ? ಇದು ಸುಮ್ನೆ ಹೆದರಿಕೆಯ ಮಾತಲ್ಲ. ಫೋನಿನ ಆಂಡ್ರಾಯ್ಡ್ ಬದಲಿಗೆ ಹಾಕಿಕೊಳ್ಳುತ್ತಿದ್ದ ಸಯನೋಜನ್‌ಮಾಡ್ ಅನ್ನುವ ಸಿಸ್ಟಮ್ 2016ರ ಡಿಸೆಂಬರ್‌ನಲ್ಲಿ ನಿಂತುಹೋದಾಗ ಅದರ ಸರ್ವರ್‌ಗಳ ಜೊತೆ ವಿಕಿಯೂ ಹೋಯಿತು. ಕೋಡ್ ಉಳಿದದ್ದರಿಂದ ಲೀನಿಯೇಜ್‌ಓಎಸ್ ಹುಟ್ಟಿತು, ಸಂತೋಷ. ಆದರೆ ಯಾವ ಫೋನಿಗೆ ಯಾವ ಕ್ರಮ ಅಂತ ಕೂಡಿಸಿಟ್ಟಿದ್ದ ಪುಟಗಳನ್ನು ಮತ್ತೆ ಕಟ್ಟಬೇಕಾಯಿತು.

ಟೆಲಿಗ್ರಾಂ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದು ಮಾತಾಡಲು ಒಳ್ಳೆಯ ಜಾಗ, 2 ಜಿಬಿ ಫೈಲ್ ತನಕ ಹಾಕಬಹುದು. ಇಟ್ಟುಕೊಳ್ಳಲು ಮಾತ್ರ ಅಲ್ಲ. ಗ್ರೂಪಿನ ಒಳಗಿನ ಮಾತು ಗೂಗಲ್‌ನಲ್ಲಿ ಸಿಗುವುದಿಲ್ಲ. ಇನ್ನೊಂದು ಬೇರೆಯೇ ತೊಂದರೆ ಇದೆ: ಕಂಪ್ಯೂಟರಿನ ಟೆಲಿಗ್ರಾಂನಲ್ಲಿ ಎರಡು ಅಡ್ಡಗೆರೆ ಒತ್ತಿದರೆ ಅದು ತಾನೇ ಅವನ್ನು ಸೇರಿಸಿ ಒಂದು ಉದ್ದ ಗೆರೆ ಮಾಡಿಬಿಡುತ್ತದೆ. ಫೋನ್ ಆನ್ ಆಗುವಾಗಿನ ಪರಿಶೀಲನೆ ಆಫ್ ಮಾಡಲು ವಿಬಿಮೆಟಾ ಅನ್ನುವ ಫೈಲನ್ನು ಫ್ಲಾಶ್ ಮಾಡುವ (ಫೋನಿಗೆ ಬರೆಯುವ) ಕಮಾಂಡ್‌ನಲ್ಲಿ ಆ ಎರಡು ಗೆರೆ ಬೇಕೇ ಬೇಕು. ಹೊಸಬ ಅದನ್ನು ಕಾಪಿ ಮಾಡಿ ಅಂಟಿಸುತ್ತಾನೆ, ಎರರ್ ಬರುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ನಾವು ಇದನ್ನು ಹಿಡಿಯಲು ಒಂದು ಇಡೀ ಸಂಜೆ ಕೂತಿದ್ದೆವು.

ಗೂಗಲ್ ಡಾಕ್ಸ್ ಮತ್ತು ಅದರ ಬಳಗ

ನಾವು ಶುರು ಮಾಡಿದ್ದು ಇಲ್ಲಿಂದ. ಎಲ್ಲರ ಹತ್ತಿರ ಅಕೌಂಟ್ ಇದೆ, ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡುತ್ತದೆ, ಹಳೆಯ ಆವೃತ್ತಿಗೂ ಮರಳಬಹುದು. ಮೊದಲ ಒಂದು ತಿಂಗಳು ಇದಕ್ಕಿಂತ ಸುಲಭ ಯಾವುದೂ ಇಲ್ಲ. ಆಮೇಲೆ ಡಾಕ್ಯುಮೆಂಟ್ ನಲವತ್ತು ಪುಟ ಆಗುತ್ತದೆ, ಫೋನಿನಲ್ಲಿ ತೆರೆಯಲು ತಿಣುಕುತ್ತದೆ, ಒಂದು ಫೋನಿನ ಮಾಹಿತಿ ಇನ್ನೊಂದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಕಮಾಂಡ್ ಒಳಗಿನ ನೇರ ಉದ್ಧರಣ ಚಿಹ್ನೆಯನ್ನೂ ಅದು ಬಾಗಿಸಿಬಿಡುತ್ತದೆ. ನೋಷನ್ ಅನ್ನೋ ಟಿಪ್ಪಣಿ ಆಪ್ ಚೆಂದ ಇದೆ, ಆದರೆ ಬೇರೆಯವರನ್ನು ಸೇರಿಸಿಕೊಂಡು ಪುಕ್ಕಟೆಯಾಗಿ ಬಳಸಲು ಹೋದರೆ ಬೇಗ ಮಿತಿ ಮುಟ್ಟುತ್ತೀರಿ. ಐದು ಫೋನಿಗಿಂತ ಕಡಿಮೆ ಇದ್ದರೆ ಡಾಕ್ಸ್ ಸಾಕು. ಜಾಸ್ತಿ ಆದರೆ ಬೇಡ.

ಫ್ಯಾಂಡಮ್

2004ರಲ್ಲಿ ವಿಕಿಸಿಟೀಸ್ ಅಂತ ಶುರುವಾಗಿ ಆಮೇಲೆ ವಿಕಿಯಾ ಆದದ್ದೇ ಇದು. ಒಳಗಿರುವುದು ಮೀಡಿಯಾವಿಕಿ ಅನ್ನುವ ವಿಕಿ ಸಾಫ್ಟ್‌ವೇರ್. ಹತ್ತು ನಿಮಿಷದಲ್ಲಿ ವಿಕಿ ರೆಡಿ, ದುಡ್ಡಿಲ್ಲ. ಬದಲಿಗೆ ಜಾಹೀರಾತು. ಸಣ್ಣ ಪರದೆಯಲ್ಲಿ, ನಿಧಾನದ ನೆಟ್‌ನಲ್ಲಿ, ಒಂದು ಕೈಯಲ್ಲಿ ಬೂಟ್‌ಲೂಪ್ ಆದ (ಪೂರ್ತಿ ಆನ್ ಆಗದೆ ಮತ್ತೆ ಮತ್ತೆ ರೀಸ್ಟಾರ್ಟ್ ಆಗುವ) ಫೋನ್ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹಂತ ಹಂತವಾಗಿ ಓದುವವನಿಗೆ ಜಾಹೀರಾತು ಅಡ್ಡ ಬಂದರೆ ಅವನು ಒಂದು ಹಂತ ತಪ್ಪಿಸುತ್ತಾನೆ. ನನಗೆ ಅದೇ ಭಯ. ಬಿಟ್ಟು ಹೋಗುವುದೂ ಕಷ್ಟ. ಮೈನ್‌ಕ್ರಾಫ್ಟ್ ಆಟದ ವಿಕಿ ಬರೆಯುವವರು 2023ರಲ್ಲಿ ಅಲ್ಲಿಂದ ಹೊರಬಂದು ತಮ್ಮದೇ ಜಾಗ ಮಾಡಿಕೊಂಡರು, ಆದರೆ ಹಳೆಯದೂ ಅಲ್ಲೇ ಉಳಿಯಿತು. ಆಟದ ವಿಷಯದಲ್ಲಿ ಎರಡೆರಡು ವಿಕಿ ಇದ್ದರೆ ಗೊಂದಲ ಅಷ್ಟೇ. ಫೋನಿನ ವಿಷಯದಲ್ಲಿ ಯಾರೂ ತಿದ್ದದ ಹಳೆಯ ಪುಟ ಗೂಗಲ್‌ನಲ್ಲಿ ಮೊದಲು ಬಂದರೆ ಏನಾಗುತ್ತದೆ ಅಂತ ನಮ್ಮ ಹುಡುಗನ ಫೋನ್ ನೋಡಿ ಕಲಿತಿದ್ದೇವೆ. ನಾವು ಇದನ್ನು ಬಿಟ್ಟೆವು.

ಗಿಟ್‌ಹಬ್

ಕೋಡ್ ಇಟ್ಟು ಹಂಚಿಕೊಳ್ಳುವ ಸೈಟ್ ಇದು. ನಮ್ಮ ಗುಂಪಿನ ಕಾಲೇಜು ಹುಡುಗರಿಗೆಲ್ಲ ಇದೇ ಬೇಕಿತ್ತು, ಅವರ ವಾದದಲ್ಲಿ ತಿರುಳೂ ಇದೆ. ಲೀನಿಯೇಜ್‌ಓಎಸ್ ವಿಕಿ ಇದೇ ದಾರಿಯದು. ಅಲ್ಲಿ ಪ್ರತಿ ಫೋನಿಗೂ ಒಂದು ಚಿಕ್ಕ ಡೇಟಾ ಫೈಲ್, ಅದರಿಂದ ಇನ್‌ಸ್ಟಾಲ್ ಪುಟ ತಾನಾಗಿ ತಯಾರಾಗುತ್ತದೆ. ರಿಕವರಿಗೆ (ಫೋನಿನ ದುರಸ್ತಿ ಮೋಡಿಗೆ) ಹೋಗುವ ಬಟನ್ ಯಾವುದು ಅಂತ ಒಂದು ಕಡೆ ತಿದ್ದಿದರೆ ಅದು ಬೇಕಾದ ಕಡೆಯೆಲ್ಲ ಸರಿಹೋಗುತ್ತದೆ. ಯಾರು ತಿದ್ದಿದರೂ ಇನ್ನೊಬ್ಬರು ನೋಡಿ ಒಪ್ಪಿದ ಮೇಲೇ ಪುಟಕ್ಕೆ ಬರುತ್ತದೆ. ಕ್ಲೋನ್ ಮಾಡಿಕೊಂಡ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇತಿಹಾಸ ಸಮೇತ ಪೂರ್ತಿ ಪ್ರತಿ ಇರುತ್ತದೆ, ಅದಕ್ಕಿಂತ ಗಟ್ಟಿ ಬ್ಯಾಕಪ್ ಬೇರೆ ಇಲ್ಲ.

ಆದರೆ ಒಂದು ಭಾನುವಾರ ರಿಪೇರಿ ಅಣ್ಣನನ್ನು ಕೂರಿಸಿ ಒಂದು ಸಾಲು ತಿದ್ದಿಸಿದೆವು. ಫೋರ್ಕ್ ಅಂದರೇನು, ಕಮಿಟ್ ಅಂದರೇನು, ಪುಲ್ ರಿಕ್ವೆಸ್ಟ್ ಯಾಕೆ ಅಂತ ಹೇಳುವಷ್ಟರಲ್ಲಿ ಅಂಗಡಿಗೆ ಮೂರು ಜನ ಗಿರಾಕಿ ಬಂದು ಹೋದರು. ಡೇಟಾ ಫೈಲ್‌ನಲ್ಲಿ ಒಂದು ಸ್ಪೇಸ್ ಹೆಚ್ಚು ಕಡಿಮೆ ಆಗಿ ಪುಟವೇ ತಯಾರಾಗಲಿಲ್ಲ. ಅವನು ಮೊಬೈಲ್ ಕೆಳಗಿಟ್ಟು, "ನೀವೇ ಬರ್ಕೊಳ್ರಪ್ಪ, ನಾನು ಹೇಳ್ತೀನಿ" ಅಂದ. ನನಗೆ ಅಲ್ಲಿಗೆ ತೀರ್ಮಾನ ಆಯಿತು.

ಗಿಟ್‌ಹಬ್ ಒಳಗೇ ಒಂದು ವಿಕಿ ಟ್ಯಾಬ್ ಇದೆ, ಅದರ ಎಡಿಟಿಂಗ್ ಸುಲಭ. ಆದರೆ ಪ್ರಾಜೆಕ್ಟ್‌ಗೆ 500 ಸ್ಟಾರ್ (ಮೆಚ್ಚಿದವರು ಹಾಕುವ ಗುರುತು) ಇಲ್ಲದಿದ್ದರೆ, ಜೊತೆಗೆ ಎಲ್ಲರೂ ಎಡಿಟ್ ಮಾಡುವುದನ್ನು ಮುಚ್ಚದಿದ್ದರೆ, ಆ ಪುಟಗಳು ಸರ್ಚ್‌ನಲ್ಲಿ ಬರುವುದಿಲ್ಲ. ಎಲ್ಲರೂ ಬರೆಯುವ ವಿಕಿ ಬೇಕು, ಗೂಗಲ್‌ನಲ್ಲೂ ಸಿಗಬೇಕು ಅನ್ನುವವರಿಗೆ ಅಲ್ಲೇ ಬಾಗಿಲು ಮುಚ್ಚಿತು. ಗುಂಪಿನವರೆಲ್ಲ ಕೋಡ್ ಬರೆಯುವವರಾದರೆ ಮಾತ್ರ ಅಲ್ಲಿಟ್ಟ ಫೈಲುಗಳಿಂದಲೇ ಸೈಟ್ ಮಾಡಿಕೊಡುವ ಗಿಟ್‌ಹಬ್ ಪೇಜಸ್ ಹಿಡಿಯಿರಿ. ಸೈಟ್ 1 ಜಿಬಿ ಒಳಗಿರಬೇಕು, ಪುಟ ಮತ್ತು ಚಿತ್ರಕ್ಕೆ ಅದು ಧಾರಾಳ.

ಡೋಕುವಿಕಿ

ನಾವೇ ಹೋಸ್ಟಿಂಗ್ ತಗೊಂಡು ಹಾಕಿಕೊಳ್ಳುವ ವಿಕಿ ಸಾಫ್ಟ್‌ವೇರ್ ಇದು, ನನಗೆ ತುಂಬ ಇಷ್ಟ. 2004ರಿಂದ ಇದೆ. ಡೇಟಾಬೇಸ್ ಬೇಡ, ಪ್ರತಿ ಪುಟವೂ ಒಂದು ಟೆಕ್ಸ್ಟ್ ಫೈಲ್, ಹಳೆಯ ಆವೃತ್ತಿಗಳು ಪಕ್ಕದ ಇನ್ನೊಂದು ಫೋಲ್ಡರಿನಲ್ಲಿ. ಬ್ಯಾಕಪ್ ಅಂದರೆ ಆ ಡೇಟಾ ಫೋಲ್ಡರ್, ಸೆಟ್ಟಿಂಗ್ ಇರುವ ಕಾನ್ಫ್ ಫೋಲ್ಡರ್ ಎರಡನ್ನೂ ಕಾಪಿ ಮಾಡುವುದು, ಮುಗೀತು. ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲೂ ಓಡುತ್ತದೆ. ಪುಟಗಳು ಹಗುರ, ನೆಟ್ ನಿಧಾನ ಇದ್ದರೂ ಬೇಗ ತೆರೆಯುತ್ತವೆ.

ಕನ್ನಡದಲ್ಲಿ ಬರೆಯುವವರು ಎರಡು ಸೆಟ್ಟಿಂಗ್ ಮೊದಲ ದಿನವೇ ನೋಡಿಕೊಳ್ಳಬೇಕು. ಒಂದು, ಫೈಲ್ ಹೆಸರಿನದು. ಡೋಕುವಿಕಿ ಮೊದಲಿಂದಲೂ ಇಂಗ್ಲಿಷ್ ಅಲ್ಲದ ಹೆಸರನ್ನು ಶೇಕಡಾ ಗುರುತುಗಳಿಗೆ ತಿರುಗಿಸಿ ಇಡುತ್ತದೆ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಗುರುತು ಹಾಗೆ ಬರೆದರೆ ಒಂಬತ್ತು ಸ್ಥಾನ ತಿನ್ನುತ್ತದೆ. ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ ಮಿತಿ 255. ಲೆಕ್ಕ ಹಾಕಿ, ಇಪ್ಪತ್ತೈದು ದಾಟುವಷ್ಟರಲ್ಲಿ ಜಾಗ ಖಾಲಿ. "ಬೂಟ್‌ಲೋಡರ್ ಅನ್‌ಲಾಕ್ ಮಾಡುವ ವಿಧಾನ" ಅನ್ನುವ ಹೆಸರೇ ಹಿಡಿಸುವುದಿಲ್ಲ. ಫೈಲ್ ಹೆಸರನ್ನು ಯುಟಿಎಫ್-8ಗೆ ಬದಲಾಯಿಸುವ ಆಯ್ಕೆ ಕಾನ್ಫಿಗರೇಷನ್‌ನಲ್ಲೇ ಇದೆ, ಪುಟ ಬರೆಯುವ ಮುಂಚೆಯೇ ಬದಲಾಯಿಸಿ, ಆಮೇಲೆ ಮಾಡಿದರೆ ಹಳೆಯ ಪುಟಗಳು ಸಿಗದೆ ಒದ್ದಾಡುತ್ತೀರಿ. ಎರಡನೆಯದು ಅದೇ ಅಡ್ಡಗೆರೆಯ ಕಾಟ. ಇದೂ ಎರಡು ಗೆರೆಯನ್ನು ಉದ್ದ ಗೆರೆ ಮಾಡುತ್ತದೆ. ಕಮಾಂಡ್ ಯಾವಾಗಲೂ ಕೋಡ್ ಬ್ಲಾಕ್ ಒಳಗೇ ಇರಲಿ, ಅಥವಾ ಆ ಟೈಪೋಗ್ರಫಿ ಆಯ್ಕೆಯನ್ನೇ ಆಫ್ ಮಾಡಿ.

ತೊಂದರೆ ಇರುವುದು ಸಾಫ್ಟ್‌ವೇರಿನಲ್ಲಿ ಅಲ್ಲ, ಮನುಷ್ಯರಲ್ಲಿ. ಹೋಸ್ಟಿಂಗ್ ದುಡ್ಡು ಯಾರು ಕಟ್ಟುತ್ತಾರೆ? ಪಾಸ್‌ವರ್ಡ್ ಯಾರ ಹತ್ತಿರ? ಕಟ್ಟುತ್ತಿದ್ದವನಿಗೆ ಬೆಂಗಳೂರಲ್ಲಿ ಕೆಲಸ ಸಿಗುತ್ತದೆ, ಹೊಸ ಕಾರ್ಡ್ ಬರುತ್ತದೆ, ರಿನ್ಯೂವಲ್ ಮರೆತುಹೋಗುತ್ತದೆ. ಹಳೇ ಫೋನಿನಲ್ಲಿ ಪೋಸ್ಟ್‌ಮಾರ್ಕೆಟ್‌ಓಎಸ್ (ಫೋನಿಗೆ ಹಾಕುವ ಲಿನಕ್ಸ್) ಹಾಕಿ ಮನೆಯಲ್ಲೇ ಸರ್ವರ್ ಮಾಡೋಣ ಅಂತ ನಮ್ಮಲ್ಲೊಬ್ಬ ಹೊರಟ. ಓಡಿತು ಕೂಡ. ಕರೆಂಟ್ ಹೋದಾಗ ಫೋನಿನ ಬ್ಯಾಟರಿ ಉಳಿಯಿತು, ರೂಟರ್ ಉಳಿಯಲಿಲ್ಲ.

ಮೀಡಿಯಾವಿಕಿ: ಸ್ವಂತ ಮನೆಯೋ ಬಾಡಿಗೆ ಮನೆಯೋ

ವಿಕಿಪೀಡಿಯ ಓಡುವುದು ಇದರ ಮೇಲೆ. ಪೋಸ್ಟ್‌ಮಾರ್ಕೆಟ್‌ಓಎಸ್‌ನವರ ವಿಕಿಯೂ ಇದೇ, ಒಂದೊಂದು ಫೋನಿಗೂ ಬಲಗಡೆ ಒಂದು ಚೌಕದಲ್ಲಿ ಚಿಪ್ ಯಾವುದು, ಏನು ಕೆಲಸ ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ನಮಗೆ ಬೇಕಾದದ್ದು ಇದೇ.

ಕನ್ನಡಕ್ಕೆ ಇದು ಎಲ್ಲಕ್ಕಿಂತ ಒಗ್ಗುತ್ತದೆ. ಕನ್ನಡ ವಿಕಿಪೀಡಿಯ 2003ರಿಂದ ಇದರ ಮೇಲೇ ಬೆಳೆದದ್ದರಿಂದ ಬಟನ್, ಮೆನು ಎಲ್ಲ ಕನ್ನಡದಲ್ಲಿ ಸಿಗುತ್ತವೆ, ಭಾಷಾ ಎಕ್ಸ್‌ಟೆನ್ಷನ್ ಹಾಕಿದರೆ ಕಂಪ್ಯೂಟರಿನಲ್ಲಿ ಬ್ರೌಸರ್ ಒಳಗೇ ಕನ್ನಡ ಟೈಪ್ ಮಾಡಬಹುದು. ಪುಟದ ಹೆಸರಿಗೆ ಕನ್ನಡದಲ್ಲಿ 85 ಅಕ್ಷರ-ಗುರುತುಗಳಷ್ಟು ಜಾಗ. ಮತ್ತೆ ಒಬ್ಬ ಬೂಟ್‌ಲೋಡರ್ ಅಂತ ಬರೆಯುತ್ತಾನೆ, ಇನ್ನೊಬ್ಬ ಬೂಟ್ ಲೋಡರ್ ಅಂತ ಬಿಡಿಸಿ, ಮತ್ತೊಬ್ಬ ಬೂಟ್ಲೋಡರ್ ಅಂತ ಒತ್ತಕ್ಷರ ಮಾಡಿ. ಕಂಪ್ಯೂಟರಿಗೆ ಈ ಮೂರೂ ಬೇರೆ ಬೇರೆ ಪದ. ಒಂದು ಸಾಲಿನ ರೀಡೈರೆಕ್ಟ್ ಪುಟ ಮಾಡಿಟ್ಟರೆ ಮೂರೂ ಒಂದೇ ಕಡೆ ಬಂದು ಸೇರುತ್ತವೆ.

ಕಷ್ಟ ಏನಂದರೆ ಅದರ ಗುರುತುಗಳು. ಜೋಡಿ ಪುಷ್ಪಾವರಣ, ಮಧ್ಯೆ ನೆಟ್ಟಗಿನ ಗೆರೆ, ಇವೆಲ್ಲ ಫೋನ್ ಕೀಬೋರ್ಡಿನ ಎರಡನೇ ಚಿಹ್ನೆ ಪುಟದಲ್ಲಿ ಅಡಗಿರುತ್ತವೆ. ಕನ್ನಡ ಕೀಬೋರ್ಡಿನಿಂದ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಬರೆಯುವ ಮನಸ್ಸೇ ಹೋಗುತ್ತದೆ. ಅದಕ್ಕೆ ವಿಶುಯಲ್ ಎಡಿಟರ್ ಇರಲೇಬೇಕು. 2020ರಲ್ಲಿ ಬಂದ 1.35ನೇ ಆವೃತ್ತಿಯಿಂದ ಅದು ಜೊತೆಗೇ ಬರುತ್ತದೆ, ಬೇರೆ ಸರ್ವರ್ ಬೇಕಿಲ್ಲ. ನಮ್ಮ ಅಣ್ಣ ಗಿರಾಕಿಯ ಫೋನ್ ಹೀಟ್ ಗನ್ ಕೆಳಗೆ ಇಟ್ಟು, ತನ್ನ ಫೋನಿನಲ್ಲಿ ಹೆಬ್ಬೆರಳಲ್ಲೇ ಒಂದು ಸಾಲು ಸೇರಿಸಿದ್ದು ಇದರಲ್ಲಿ. "ಈ ಮಾಡೆಲ್‌ಗೆ ಪರ್ಸಿಸ್ಟ್ ಬ್ಯಾಕಪ್ ತಗೊಳ್ದೆ ಮುಂದೆ ಹೋಗ್ಬೇಡಿ, ಸೆನ್ಸರ್ ಹೋಗುತ್ತೆ." ಅಷ್ಟೇ. ಪರ್ಸಿಸ್ಟ್ ಅಂದರೆ ಫೋನಿನ ಸ್ಟೋರೇಜಿನಲ್ಲಿ ಸೆನ್ಸರ್‌ಗಳ ಹೊಂದಾಣಿಕೆ ಇರುವ ಭಾಗ. ನಮಗ್ಯಾರಿಗೂ ಅದು ಗೊತ್ತಿರಲಿಲ್ಲ.

ಸ್ವಂತ ಸರ್ವರಿನಲ್ಲಿ ಹಾಕಿದರೆ ಅಪ್‌ಗ್ರೇಡ್ ನಿಮ್ಮ ತಲೆಗೆ. ದೀರ್ಘಾವಧಿ ಆವೃತ್ತಿಗಳಿಗೆ ಮೂರು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ, ಅದನ್ನೇ ಆರಿಸಿ. ಬೇಡ ಅಂದರೆ ಮೀಡಿಯಾವಿಕಿಯನ್ನು ತಾನೇ ಓಡಿಸಿಕೊಡುವ ಮಿರಾಹೀಜ್ ಅನ್ನುವ ಸೈಟ್ ಇದೆ. 2015ರಿಂದ ನಡೆಯುತ್ತಿದೆ, ಲಾಭಕ್ಕಲ್ಲ, ಜಾಹೀರಾತಿಲ್ಲ, ದೇಣಿಗೆಯ ಮೇಲೆ ಓಡುತ್ತದೆ. ಏನು ಮಾಡಲು ಹೊರಟಿದ್ದೀರಿ ಅಂತ ಬರೆದು ಅರ್ಜಿ ಹಾಕಬೇಕು, ಸ್ವಯಂಸೇವಕರು ನೋಡಿ ಒಪ್ಪುತ್ತಾರೆ. ಬಹಳ ದಿನ ಯಾರೂ ಎಡಿಟ್ ಮಾಡದಿದ್ದರೆ ಮುಚ್ಚುವ ನಿಯಮ ಇದೆ, ನೆನಪಿಡಿ. 2023ರಲ್ಲಿ ಮಿರಾಹೀಜ್ ಪೂರ್ತಿ ನಿಲ್ಲಿಸುತ್ತೇವೆ ಅಂತಲೇ ಘೋಷಣೆ ಆಗಿತ್ತು, ಆಮೇಲೆ ಸ್ವಯಂಸೇವಕರು ಕೈಜೋಡಿಸಿ ಉಳಿಸಿಕೊಂಡರು. ಹಾಗಾಗಿ ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಆ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಪುಟಗಳು ಇತಿಹಾಸ ಸಮೇತ ಬರುತ್ತವೆ, ಚಿತ್ರಗಳು ಬರುವುದಿಲ್ಲ. ಚಿತ್ರ ಬೇರೆ ಇಳಿಸಿಕೊಳ್ಳಬೇಕು.

ಯಾವುದನ್ನು ಆರಿಸಿದರೂ ಮೊದಲ ದಿನ ಮಾಡಬೇಕಾದ್ದು

ಸ್ಪ್ಯಾಮ್ ತಡೆ. ಎಲ್ಲರಿಗೂ ತೆರೆದ ವಿಕಿಗೆ ವಾರದೊಳಗೆ ಬಾಟ್‌ಗಳು ಬರುತ್ತವೆ. ಮೀಡಿಯಾವಿಕಿ, ಡೋಕುವಿಕಿ ಎರಡರಲ್ಲೂ ನಮ್ಮದೇ ಪ್ರಶ್ನೆ ಕೇಳುವ ಕ್ಯಾಪ್ಚಾ ಹಾಕಬಹುದು. ನಮ್ಮದು: "ದಾವಣಗೆರೆ ಯಾವ ದೋಸೆಗೆ ಹೆಸರುವಾಸಿ?" ಊರಿನ ಮಕ್ಕಳಿಗೂ ಉತ್ತರ ಗೊತ್ತು, ಬಾಟ್‌ಗಳು ಇಲ್ಲಿಯವರೆಗೆ ದಾಟಿಲ್ಲ.

ಪುಟದ ಹೆಸರು ಮಾರುವ ಹೆಸರಾಗಬಾರದು, ಕೋಡ್‌ನೇಮ್ (ಕಂಪನಿ ಒಳಗೆ ಆ ಫೋನಿಗೆ ಇಟ್ಟ ಹೆಸರು) ಆಗಬೇಕು. ರೆಡ್ಮಿ ನೋಟ್ 4 ಅನ್ನುವ ಹೆಸರಲ್ಲಿ ಎರಡು ಫೋನ್ ಇವೆ. ಸ್ನಾಪ್‌ಡ್ರಾಗನ್ ಚಿಪ್ಪಿನದು ಮಿಡೋ, ಮೀಡಿಯಾಟೆಕ್ ಚಿಪ್ಪಿನದು ನಿಕೆಲ್. ಒಂದರ ಫೈಲ್ ಇನ್ನೊಂದಕ್ಕೆ ಆಗುವುದೇ ಇಲ್ಲ. ನೋಟ್ 7 ಲ್ಯಾವೆಂಡರ್, ನೋಟ್ 7 ಪ್ರೋ ವಯಲೆಟ್. ಮಾರುವ ಹೆಸರಿನಿಂದ ಬಂದವರನ್ನು ಒಂದು ಪುಟದಲ್ಲಿ ನಿಲ್ಲಿಸಿ, ನಿಮ್ಮದು ಯಾವುದು ಅಂತ ಕೇಳಿ ಆಮೇಲೆ ಕಳಿಸಿ.

ಪ್ರತಿ ಪುಟದ ಮೇಲೆ ಮೂರು ಸಾಲು ಕಡ್ಡಾಯ: ಕೊನೆಯದಾಗಿ ಮಾಡಿ ನೋಡಿದ ದಿನ, ಯಾವ ಫರ್ಮ್‌ವೇರ್ ಮೇಲೆ, ಯಾರು. ಓದಿ ಬರೆದದ್ದಾದರೆ "ಮಾಡಿ ನೋಡಿಲ್ಲ" ಅಂತಲೇ ಬರೆಯಿರಿ, ಅದರಲ್ಲಿ ನಾಚಿಕೆ ಇಲ್ಲ. ಮೀಡಿಯಾವಿಕಿಯಲ್ಲಿ ದಿನಾಂಕ ಒಂದು ವರ್ಷ ದಾಟಿದರೆ ಪುಟದ ತಲೆಯ ಮೇಲೆ ತಾನಾಗಿ ಕೆಂಪು ಪಟ್ಟಿ ಬರುವ ಹಾಗೆ ಟೆಂಪ್ಲೇಟ್ ಮಾಡಬಹುದು, ನಾವು ಮಾಡಿದ್ದೇವೆ.

ಹಿಂದಕ್ಕೆ ಬರಲಾಗದ ಹೆಜ್ಜೆಗಳು ಎಲ್ಲಕ್ಕಿಂತ ಮೇಲೆ ಬರಬೇಕು, ಹಂತ ಏಳರ ಕೆಳಗೆ ಅಲ್ಲ. ಸ್ಯಾಮ್‌ಸಂಗ್‌ನಲ್ಲಿ ಹೊರಗಿನ ಫರ್ಮ್‌ವೇರ್ ಹಾಕಿದರೆ ನಾಕ್ಸ್ ಅನ್ನುವ ಭದ್ರತಾ ಫ್ಯೂಸ್ ಹಾರುತ್ತದೆ, ಮತ್ತೆ ಕೂಡಿಸಲಾಗದು. ರೆಡ್ಮಿ ನೋಟ್ 5 ಪ್ರೋಗೆ 2018ರಲ್ಲಿ ಆಂಟಿ-ರೋಲ್‌ಬ್ಯಾಕ್ (ಹಳೆಯ ಆವೃತ್ತಿಗೆ ಹೋಗದಂತೆ ತಡೆ) ಬಂದ ಮೇಲೆ ಆ ಫೋನಿನ ಸಿಸ್ಟಮ್ ಆದ ಮಿಯುಐಯ ಹಳೆಯ ಆವೃತ್ತಿ ಹಾಕುವ ಮುಂಚೆ, ಕಂಪ್ಯೂಟರಿನಿಂದ ಫ್ಲಾಶ್ ಮಾಡುವ ಫಾಸ್ಟ್‌ಬೂಟ್ ಮೋಡಿನಲ್ಲಿ ಆ ತಡೆಯ ನಂಬರ್ ಎಷ್ಟಿದೆ ಅಂತ ನೋಡಲೇಬೇಕು. ಆಂಡ್ರಾಯ್ಡ್ 13 ಜೊತೆಗೇ ಬಂದ ಬಹುತೇಕ ಫೋನುಗಳಲ್ಲಿ ರೂಟ್ ಮಾಡಲು (ಫೋನಿನ ಪೂರ್ತಿ ಅಧಿಕಾರ ಪಡೆಯಲು) ಮ್ಯಾಜಿಸ್ಕ್ ಆಪ್‌ನಿಂದ ಪ್ಯಾಚ್ ಮಾಡಬೇಕಾದ್ದು ಇನಿಟ್-ಬೂಟ್ ಅನ್ನುವ ಫೈಲ್, ಹಳೆಯವುಗಳಲ್ಲಿ ಬೂಟ್ ಅನ್ನುವುದು. ರೂಟ್ ಆದ ಮೇಲೆ ಯುಪಿಐ, ಬ್ಯಾಂಕ್ ಆಪ್ ನಿಲ್ಲಬಹುದು ಅನ್ನುವುದನ್ನೂ ಅಲ್ಲೇ ಹೇಳಿ.

ರಾಮ್ (ROM, ಫೋನಿಗೆ ಹಾಕುವ ಸಿಸ್ಟಮ್) ಫೈಲ್ ವಿಕಿಯಲ್ಲಿ ಇಡಬೇಡಿ. ಮೂಲದ ಲಿಂಕ್ ಕೊಡಿ, ಪಕ್ಕದಲ್ಲಿ ಚೆಕ್‌ಸಮ್ (ಇಳಿಸಿದ ಫೈಲ್ ಅದೇನಾ ಅಂತ ತಾಳೆ ನೋಡುವ ಸಂಖ್ಯೆ) ಬರೆಯಿರಿ. ಕಮಾಂಡ್, ಮೆನುವಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಅಂಟಿಸಬೇಕಲ್ವಾ. ಸುತ್ತಲಿನ ವಿವರಣೆ ಕನ್ನಡದಲ್ಲಿರಲಿ. ಬೇರೆಯವರ ಗೈಡ್ ಪೂರ್ತಿ ಎತ್ತಿ ಹಾಕಬೇಡಿ, ಕೇಳಿ ಹಾಕಿ, ಹೆಸರು ಬರೆಯಿರಿ.

ಎರಡು ವಿಷಯಕ್ಕೆ ಪುಟವೇ ಬೇಡ: ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬದಲಾಯಿಸುವುದು, ಕದ್ದ ಫೋನಿನ ಲಾಕ್ ತೆಗೆಯುವುದು. ಮೊದಲನೆಯದು 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದ ತನಕ ಜೈಲಿನ ಅಪರಾಧ. ಎರಡನೆಯದರ ಬಗ್ಗೆ ನಮ್ಮಲ್ಲೇ ಜಗಳ ಆಯಿತು, ಅಂಗಡಿಗೆ ಪಾಸ್‌ವರ್ಡ್ ಮರೆತ ನಿಜವಾದ ಮಾಲೀಕರೂ ಬರುತ್ತಾರೆ. ಅಂಥವರು ಬಿಲ್ ತೋರಿಸಿ ಸರ್ವಿಸ್ ಸೆಂಟರಿಗೆ ಹೋಗಲಿ ಅಂತ ನಾವು ನಿಂತೆವು. ಬ್ರಿಕ್ ಆದ (ಸತ್ತ) ಫೋನಿನಲ್ಲಿ ಅದೇ ಐಎಂಇಐ ಮರಳಿ ಬರುವ ಹಾಗೆ, ಅದು ಇರುವ ಇಎಫ್‌ಎಸ್ ಭಾಗದ ಬ್ಯಾಕಪ್ ಮೊದಲೇ ತೆಗೆಯುವುದು ಬೇರೆ ವಿಷಯ, ಅದಕ್ಕೆ ಪುಟ ಇದೆ.

ಹಾಗಾದರೆ ಯಾವುದು?

ನಿಮ್ಮ ಗುಂಪಿನಲ್ಲಿ ರಿಪೇರಿ ಮಾಡುವವರಿದ್ದು, ಕನ್ನಡದಲ್ಲಿ ಬರೆಯುವುದಾದರೆ ಮಿರಾಹೀಜ್ ಮೇಲೆ ಮೀಡಿಯಾವಿಕಿ, ವಿಶುಯಲ್ ಎಡಿಟರ್ ಆನ್ ಮಾಡಿ. ನಾವು ಉಳಿದದ್ದು ಅಲ್ಲೇ. ಮೂರು ನಾಲ್ಕು ವರ್ಷ ಊರಲ್ಲೇ ಇರುವ, ಹೋಸ್ಟಿಂಗ್ ಗೊತ್ತಿರುವ ಇಬ್ಬರು ಇದ್ದರೆ ಡೋಕುವಿಕಿ, ಪಾಸ್‌ವರ್ಡ್ ಇಬ್ಬರ ಹತ್ತಿರವೂ ಇರಲಿ. ಎಲ್ಲರೂ ಕೋಡ್ ಬರೆಯುವವರಾದರೆ ಗಿಟ್‌ಹಬ್. ಇನ್ನೂ ನಾಲ್ಕೇ ಫೋನ್, ಮೂರೇ ಜನ ಅಂದರೆ ಡಾಕ್ಸ್‌ನಲ್ಲಿ ಶುರು ಮಾಡಿ, ಆದರೆ ಒಂದು ಫೋನಿಗೆ ಒಂದು ಡಾಕ್ಯುಮೆಂಟ್, ಹೆಸರು ಕೋಡ್‌ನೇಮ್. ಆಮೇಲೆ ವಿಕಿಗೆ ಸಾಗಿಸುವುದು ಅರ್ಧ ದಿನದ ಕೆಲಸ.

ಪಿನ್ ಆದ ಮೆಸೇಜ್‌ಗಳಿಂದ ಶುರು ಮಾಡಿ. ನಾವು ಒಂದೊಂದನ್ನೇ ಪುಟ ಮಾಡಿ, ಪಿನ್ ತೆಗೆದು, ಆ ಜಾಗದಲ್ಲಿ ಪುಟದ ಲಿಂಕ್ ಹಾಕಿದೆವು. ಮೊದಲು ತೆಗೆದದ್ದು ನನ್ನ ಆ ಹಳೇ ಫರ್ಮ್‌ವೇರ್ ಮೆಸೇಜ್. ಅದರ ಪುಟದಲ್ಲಿ ಈಗ "ಕೊನೆಯದಾಗಿ ಮಾಡಿ ನೋಡಿದವರು" ಅನ್ನುವ ಕಡೆ ಇರುವುದು ಚಿಕ್ಕಪ್ಪನ ಮಗನ ಹೆಸರು.